ಎದೆ ಬಡಿತ ತಾಳ ತಪ್ಪಿದಾಗ: ಕೊಯ್ಯದೆ ಮೂಲ ಹುಡುಕುವುದು, ಕೊಯ್ಯದೆ ಸರಿಪಡಿಸುವುದು ಹೇಗೆ?

ಒಂದು ಸಂಜೆ ನಮ್ಮ ಅಮ್ಮ ಅಕ್ಕಿ ತೊಳೆಯುತ್ತಾ ನಿಂತಿದ್ದರು. ಒಮ್ಮೆಲೇ ಎದೆ ದಡದಡ ಅನ್ನಲು ಶುರುವಾಯಿತು. ಕೈ ಹಿಡಿದು ನೋಡಿದರೆ ನಾಡಿ ಎಣಿಸಲು ಆಗದಷ್ಟು ವೇಗ. ಆಟೋ ಹಿಡಿದು ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ಆಗಿತ್ತು. ಅಷ್ಟರಲ್ಲಿ ಬಡಿತ ತಾನಾಗಿಯೇ ಸರಿಹೋಗಿತ್ತು. ಇಸಿಜಿ ನಾರ್ಮಲ್. "ಗ್ಯಾಸ್ ಇರಬೇಕು, ಟೆನ್ಶನ್ ಮಾಡ್ಕೋಬೇಡಿ" ಎಂದು ಮನೆಗೆ ಕಳುಹಿಸಿದರು. ಎರಡು ವರ್ಷದಲ್ಲಿ ಇದೇ ಕತೆ ನಾಲ್ಕು ಸಲ ನಡೆಯಿತು. ಐದನೇ ಸಲ ನಾವು ದೂರದ ಆಸ್ಪತ್ರೆಗೆ ಓಡಲಿಲ್ಲ. ಮನೆಯಿಂದ ಐದು ನಿಮಿಷದ ನರ್ಸಿಂಗ್ ಹೋಮ್‌ಗೆ ಹೋಗಿ, ಬಾಗಿಲಲ್ಲೇ "ಮೊದಲು ಇಸಿಜಿ ತೆಗೀರಿ" ಎಂದೆವು. ನಿಮಿಷಕ್ಕೆ 180ರ ಬಡಿತ ಕಾಗದದ ಮೇಲೆ ಅಚ್ಚಾಗಿ ಬಂತು. ಕಾಯಿಲೆಗೆ ಹೆಸರು ಸಿಕ್ಕಿದ್ದು ಅವತ್ತೇ: ಎಸ್‌ವಿಟಿ ಎಂಬ ವೇಗದ ಬಡಿತ.

ಮಾಮೂಲಿ ಇಸಿಜಿ ಎಂದರೆ ಸುಮಾರು 10 ಸೆಕೆಂಡಿನ ಫೋಟೋ. ಆ 10 ಸೆಕೆಂಡಿನಲ್ಲಿ ತೊಂದರೆ ಇದ್ದರೆ ಮಾತ್ರ ಅದು ಕಾಣುತ್ತದೆ. ಬಡಿತದ ಕಾಯಿಲೆಗಳಲ್ಲಿ ಮುಂದಿನದ್ದೆಲ್ಲ ಎರಡೇ ಪ್ರಶ್ನೆಗಳ ಮೇಲೆ ನಿಂತಿದೆ. ಇದು ಯಾವ ಬಡಿತ? ಅದು ಹೃದಯದ ಯಾವ ಜಾಗದಿಂದ ಹುಟ್ಟುತ್ತಿದೆ? ಈ ಎರಡಕ್ಕೂ ಮೈ ಕೊಯ್ಯದೆ ಉತ್ತರ ಹುಡುಕುವ ದಾರಿಗಳು ಈಗ ಸಾಕಷ್ಟಿವೆ. ಕೆಲವು ಸಲ ಚಿಕಿತ್ಸೆಯನ್ನೂ ಕೊಯ್ಯದೆ ಮಾಡಬಹುದು. ರೋಗಿಯ ಮನೆಯವರಾಗಿ ನಾವು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಿಮ್ಮ ಔಷಧಿಯ ತೀರ್ಮಾನ ನಿಮ್ಮ ವೈದ್ಯರದ್ದೇ.

ಮೊದಲ ಹೆಜ್ಜೆ: ನಾಡಿ ಹಿಡಿಯುವುದನ್ನು ಕಲಿಯಿರಿ

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಭಾಗದಲ್ಲಿ ಎರಡು ಬೆರಳು ಇಡಿ. ಹೆಬ್ಬೆರಳಿನಿಂದ ನಾಡಿ ನೋಡಬೇಡಿ, ಅದರದ್ದೇ ಬಡಿತ ಸಿಕ್ಕಿ ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಬಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ನೆ ಕೂತಿದ್ದಾಗ ದೊಡ್ಡವರಲ್ಲಿ 60ರಿಂದ 100ರ ಒಳಗಿರಬೇಕು.

ಎಣಿಕೆಗಿಂತ ತಾಳ ಮುಖ್ಯ. ಇನ್ನೊಂದು ಕೈಯಿಂದ ಮೇಜಿನ ಮೇಲೆ ಅದೇ ತಾಳ ತಟ್ಟಿ ನೋಡಿ. ವೇಗವಾಗಿದ್ದರೂ ಗಡಿಯಾರದಂತೆ ಒಂದೇ ಸಮ ಇದೆಯಾ? ಅಥವಾ ಯಾವ ತಾಳಕ್ಕೂ ಸಿಗದೆ ಹೇಗೆ ಹೇಗೋ ಬಡಿಯುತ್ತಿದೆಯಾ? ಈ ಎರಡನೆಯದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ವೈದ್ಯರು ಚಿಕ್ಕದಾಗಿ ಎಎಫ್ ಎನ್ನುತ್ತಾರೆ. 65 ದಾಟಿದವರು ಮನೆಯಲ್ಲಿದ್ದರೆ ತಿಂಗಳಿಗೊಮ್ಮೆಯಾದರೂ ಅವರ ನಾಡಿ ಹಿಡಿದು ನೋಡಿ. ಎಎಫ್ ಇದ್ದವರಲ್ಲಿ ಎಷ್ಟೋ ಜನರಿಗೆ ಏನೂ ಅನಿಸುವುದೇ ಇಲ್ಲ. ಆದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಜಾಸ್ತಿ.

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ತಾರೀಖು, ಹೊತ್ತು, ಎಷ್ಟು ನಿಮಿಷ ಇತ್ತು ಎಂದು ಬರೆಯಿರಿ. ಸ್ವಿಚ್ ಹಾಕಿದ ಹಾಗೆ ಥಟ್ಟನೆ ಶುರುವಾಯಿತಾ, ಮೆಲ್ಲಗೆ ಏರಿತಾ ಎಂಬುದನ್ನು ಮರೆಯದೆ ಬರೆಯಿರಿ, ವೈದ್ಯರಿಗೆ ಅದೊಂದು ದೊಡ್ಡ ಸುಳಿವು. ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಜ್ವರ ಇತ್ತಾ, ಎಷ್ಟು ಲೋಟ ಕಾಫಿ ಆಗಿತ್ತು, ಶೀತದ ಮಾತ್ರೆ ಅಥವಾ ದಮ್ಮಿನ ಪಂಪ್ ತೆಗೆದುಕೊಂಡಿದ್ದರಾ ಎಂಬುದೂ ಇರಲಿ.

ಆದರೆ ಕೆಲವು ಸಲ ಎಣಿಸುತ್ತಾ ಕೂರಬಾರದು. ಎದೆ ನೋವು, ಉಸಿರಾಡಲು ಕಷ್ಟ, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಬಾಯಿ ಅಥವಾ ಕೈ ಒಂದು ಕಡೆ ಸೋಲುವುದು. ಇದರಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ವ್ಯಕ್ತಿ ಕುಸಿದು ಬಿದ್ದು, ಅಲುಗಿಸಿದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಪಕ್ಕೆಲುಬು ಮುರಿದೀತು ಎಂದು ಹೆದರಿ ನಿಲ್ಲಿಸಬೇಡಿ. ಓಡುವಾಗ ಅಥವಾ ಆಟ ಆಡುವಾಗ ಪ್ರಜ್ಞೆ ತಪ್ಪಿದವರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರು ಇದ್ದವರು, ಈಗ ಚೆನ್ನಾಗಿದ್ದರೂ ಹೃದಯ ತಜ್ಞರನ್ನು ನೋಡಲೇಬೇಕು.

ಎರಡನೇ ಹೆಜ್ಜೆ: ಬಡಿತವನ್ನು ಕಾಗದದ ಮೇಲೆ ಹಿಡಿಯಿರಿ

ಇಸಿಜಿ ಯಂತ್ರ ಇರುವ ಅತಿ ಹತ್ತಿರದ ಜಾಗ ಯಾವುದು ಎಂದು ಇವತ್ತೇ ಗೊತ್ತು ಮಾಡಿಕೊಳ್ಳಿ. ರಾತ್ರಿ ಅಲ್ಲಿ ಯಾರಿರುತ್ತಾರೆ ಎಂಬುದನ್ನೂ ಕೇಳಿ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳುಹಿಸುವ ವ್ಯವಸ್ಥೆ ಬಂದಿದೆ. ಅದು ಹೃದಯಾಘಾತಕ್ಕೆಂದು ಶುರುವಾದದ್ದು. ಆದರೆ ಆ ಯಂತ್ರ ನಿಮ್ಮ ದಡದಡವನ್ನೂ ಹಿಡಿಯುತ್ತದೆ.

ಇಸಿಜಿ ಕಾಗದವನ್ನು ಕೇಳಿ ಪಡೆಯಿರಿ, ಕೂಡಲೇ ಫೋಟೋ ತೆಗೆದಿಡಿ. ಅದು ಹೆಚ್ಚಾಗಿ ಶಾಖಕ್ಕೆ ಅಚ್ಚಾಗುವ ಕಾಗದ. ಬೀರುವಿನಲ್ಲಿಟ್ಟರೆ ಒಂದೆರಡು ವರ್ಷದಲ್ಲಿ ಮಾಸುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ತೊಂದರೆ ಇದ್ದಾಗ ತೆಗೆದ ಒಂದು ಇಸಿಜಿ, ತೊಂದರೆ ಇಲ್ಲದಾಗ ತೆಗೆದ ಹತ್ತಕ್ಕಿಂತ ಬೆಲೆಯದ್ದು. ಅದನ್ನು ಜಮೀನಿನ ಪತ್ರದ ಹಾಗೆ ಕಾಪಾಡಿ.

ಆಸ್ಪತ್ರೆ ತಲುಪುವ ಮೊದಲೇ ಸರಿಹೋಗುವ ಬಡಿತಕ್ಕೆ ಬೇರೆ ಸಾಧನಗಳಿವೆ. ಯಾವುದು ಬೇಕು ಎನ್ನುವುದು ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ದಿನಾ ಬರುತ್ತಿದ್ದರೆ 24 ಅಥವಾ 48 ಗಂಟೆ ಮೈಮೇಲಿದ್ದು ಬಡಿತವನ್ನು ಬಿಡದೆ ದಾಖಲಿಸುವ ಹೋಲ್ಟರ್ ಯಂತ್ರ ಸಾಕು. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಇದರ ಮೊದಲ ರೂಪ ಮಾಡಿದಾಗ ಅದು ಬೆನ್ನಿಗೆ ಹೊರುವ ಸುಮಾರು 38 ಕೆಜಿಯ ಹೊರೆ. ಈಗ ಅಂಗೈಯಲ್ಲಿ ಹಿಡಿಯುತ್ತದೆ. ವಾರಕ್ಕೊಮ್ಮೆ ಬಂದರೆ 7ರಿಂದ 14 ದಿನ ಎದೆಗೆ ಅಂಟಿಸುವ ಪ್ಯಾಚ್ ಕೇಳಿ. ತಿಂಗಳಿಗೊಮ್ಮೆ ಬರುವಂಥದ್ದಕ್ಕೆ ಬೆರಳಿಟ್ಟರೆ ಇಸಿಜಿ ತೆಗೆಯುವ ಚಿಕ್ಕ ಯಂತ್ರ ಅಥವಾ ಇಸಿಜಿ ಇರುವ ವಾಚ್. ವರ್ಷಕ್ಕೊಮ್ಮೆ ಬಂದು ಪ್ರಜ್ಞೆ ತಪ್ಪಿಸುವಂಥದ್ದಾದರೆ ಚರ್ಮದ ಕೆಳಗೆ ಇಡುವ ಲೂಪ್ ರೆಕಾರ್ಡರ್. ಅದಕ್ಕೆ ಮಾತ್ರ ಒಂದು ಸಣ್ಣ ಗಾಯ ಮಾಡಬೇಕು.

ಹೋಲ್ಟರ್ ಹಾಕಿಸಿಕೊಳ್ಳುವ ದಿನ ಸ್ನಾನ ಮುಗಿಸಿ ಹೋಗಿ, ಎದೆಗೆ ಎಣ್ಣೆ, ಪೌಡರ್ ಬೇಡ. ಹಾಕಿದ ಮೇಲೆ ಮಲಗಿಬಿಡಬೇಡಿ! ಮೆಟ್ಟಿಲು ಹತ್ತಿ, ಗುಡಿಸಿ, ಮಾರುಕಟ್ಟೆಗೆ ಹೋಗಿ. ಯಾವ ಕೆಲಸಕ್ಕೆ ಎದೆ ಹಾರುತ್ತದೋ ಅದನ್ನೇ ಮಾಡಿ, ಹೊತ್ತು ಬರೆದಿಡಿ.

ವಾಚ್ ಇಸಿಜಿ 30 ಸೆಕೆಂಡಿನದ್ದು. ಅದು ಒಂದೇ ಕೋನದಿಂದ ನೋಡುತ್ತದೆ. ಎಎಫ್ ಹಿಡಿಯಲು ಒಳ್ಳೆಯದು, ಹೃದಯಾಘಾತ ಹಿಡಿಯಲು ಆಗುವುದಿಲ್ಲ. ಎದೆ ನೋವು ಬಂದಾಗ ವಾಚ್ "ನಾರ್ಮಲ್" ಎಂದಿತು ಎಂದು ಮನೆಯಲ್ಲಿ ಕೂತವರು ಪ್ರಾಣಕ್ಕೆ ಅಪಾಯ ತಂದುಕೊಳ್ಳಬಹುದು.

ಮೂರನೇ ಹೆಜ್ಜೆ: ಹೃದಯದ ಚಿತ್ರ

ಬಡಿತಕ್ಕೆ ಹೆಸರು ಸಿಕ್ಕ ಮೇಲೆ ಹೃದಯ ಗಟ್ಟಿಯಾಗಿದೆಯಾ ಎಂದು ನೋಡಬೇಕು. ಮೊದಲು ಎಕೋ. ಶಬ್ದದ ಅಲೆಗಳಿಂದ ತೆಗೆಯುವ ಚಿತ್ರ, ವಿಕಿರಣ ಇಲ್ಲ, ನೋವೂ ಇಲ್ಲ. ಕವಾಟಗಳು, ಕೋಣೆಗಳ ಗಾತ್ರ, ಪಂಪಿನ ಶಕ್ತಿ ಎಲ್ಲ ಕಾಣುತ್ತದೆ. ಇದರ ಜೊತೆ ಥೈರಾಯ್ಡ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಪರೀಕ್ಷೆ. ಥೈರಾಯ್ಡ್ ಜಾಸ್ತಿಯಾಗಿಯೇ ಎದೆ ಹಾರುತ್ತಿದ್ದರೆ ಚಿಕಿತ್ಸೆ ಬೇಕಾದದ್ದು ಥೈರಾಯ್ಡ್‌ಗೆ. ಹೃದಯದಲ್ಲಿ ಹಳೆಯ ಗಾಯದ ಕಲೆ ಇರಬಹುದು ಎಂಬ ಅನುಮಾನ ಬಂದರೆ ಎಂಆರ್‌ಐ ಮಾಡಿಸುತ್ತಾರೆ. ಗ್ಯಾಡೊಲಿನಿಯಂ ಎಂಬ ಔಷಧಿ ಕೊಟ್ಟಾಗ ಆ ಕಲೆ ಬೆಳ್ಳಗೆ ಎದ್ದು ಕಾಣುತ್ತದೆ. ಪೇಸ್‌ಮೇಕರ್ ಇದ್ದವರು ಅದರ ಕಾರ್ಡ್ ತೋರಿಸದೆ ಎಂಆರ್‌ಐ ಕೋಣೆಗೆ ಕಾಲಿಡಬಾರದು.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ. ಎಕೋ, ಎಂಆರ್‌ಐ ಎರಡೂ ಹೃದಯದ ಆಕಾರ ತೋರಿಸುತ್ತವೆ. ಹೃದಯವನ್ನು ಬಡಿಸುವ ಕರೆಂಟ್ ಎಲ್ಲಿ ಹುಟ್ಟಿ ಹೇಗೆ ಹರಿಯಿತು ಎಂದು ತೋರಿಸುವುದಿಲ್ಲ. ಇಸಿಜಿ ಕರೆಂಟ್ ತೋರಿಸುತ್ತದೆ, ಆದರೆ ದೂರದಿಂದ. ಪಕ್ಕದೂರಿನ ಜಾತ್ರೆಯ ತಮಟೆ ನಮ್ಮ ಹಿತ್ತಿಲಿಗೆ ಕೇಳುತ್ತದಲ್ಲ, ಹಾಗೆ. ಯಾವ ದಿಕ್ಕು ಅಂತ ಗೊತ್ತಾಗುತ್ತದೆ, ಯಾವ ಬೀದಿ ಅಂತ ಗೊತ್ತಾಗುವುದಿಲ್ಲ. ಆ ಊರಿನ ಸುತ್ತ 250 ಜನರನ್ನು ನಿಲ್ಲಿಸಿ, ಯಾರಿಗೆ ಯಾವ ಗಳಿಗೆಯಲ್ಲಿ ಎಷ್ಟು ಜೋರಾಗಿ ಕೇಳಿತು ಎಂದು ಬರೆಸಿ, ಕೈಯಲ್ಲಿ ಊರಿನ ನಕ್ಷೆಯನ್ನೂ ಇಟ್ಟುಕೊಂಡರೆ? ತಮಟೆ ಇರುವ ಬೀದಿಯನ್ನು ಲೆಕ್ಕ ಹಾಕಿ ಹೇಳಬಹುದು.

ಇಸಿಜಿ ಇಮೇಜಿಂಗ್ ಮಾಡುವುದು ಇದನ್ನೇ. ಯೋರಾಮ್ ರೂಡಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ವರ್ಷಗಟ್ಟಲೆ ಬೆಳೆಸಿ, 2004ರಲ್ಲಿ ಮನುಷ್ಯರಲ್ಲಿ ತೆಗೆದ ಚಿತ್ರಗಳನ್ನು ಪ್ರಕಟಿಸಿದರು. ಆಮೇಲೆ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಈ ಕೆಲಸದ ಮನೆಯಾಯಿತು. ರೋಗಿಗೆ ಸುಮಾರು 250 ಎಲೆಕ್ಟ್ರೋಡ್ (ಕರೆಂಟ್ ಹಿಡಿಯುವ ಬಿಲ್ಲೆ) ಇರುವ ಒಂದು ಅಂಗಿ ತೊಡಿಸುತ್ತಾರೆ. ಮಾಮೂಲಿ ಇಸಿಜಿಗೆ 10 ಸಾಕು. ಅಂಗಿ ಮೈಮೇಲಿರುವಾಗಲೇ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಯಾವ ಎಲೆಕ್ಟ್ರೋಡ್ ಹೃದಯದಿಂದ ಎಷ್ಟು ದೂರ, ಯಾವ ಕೋನದಲ್ಲಿದೆ ಎಂದು ಆಗ ಗೊತ್ತಾಗುತ್ತದೆ. ಕಂಪ್ಯೂಟರ್ ಎದೆಯ ಮೇಲಿನ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಹೃದಯದ ಮೇಲ್ಮೈಯಲ್ಲಿ ಕರೆಂಟ್ ಹರಿದ ಬಣ್ಣದ ನಕ್ಷೆ ಬಿಡಿಸುತ್ತದೆ. ಒಂದೇ ಒಂದು ತಪ್ಪು ಬಡಿತ ಸಿಕ್ಕರೂ ನಕ್ಷೆ ಮಾಡಬಹುದು. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಒಂದೊಂದೇ ಜಾಗ ಮುಟ್ಟಿ ಅಳೆಯುವ ಕೆಲಸದ ಮುಂದೆ ಇದು ಎಷ್ಟು ಹಗುರ, ಅಲ್ವಾ?

ಮಿತಿಗಳೂ ಇವೆ. ನಕ್ಷೆ ಮುಖ್ಯವಾಗಿ ಹೃದಯದ ಹೊರಮೈಯದ್ದು. ಎರಡು ಕೋಣೆಗಳ ನಡುವಿನ ಗೋಡೆಯೊಳಗೆ ಬಡಿತ ಹುಟ್ಟಿದರೆ ಕರಾರುವಾಕ್ಕಾಗಿ ಹೇಳುವುದು ಕಷ್ಟ. ಸಿಟಿ ಸ್ಕ್ಯಾನ್‌ನ ವಿಕಿರಣ ಇದೆ, ಹಾಗಾಗಿ ಗರ್ಭಿಣಿಯರು ಮೊದಲೇ ಹೇಳಬೇಕು. ಕೆಲವೇ ಕೇಂದ್ರಗಳಲ್ಲಿ ಸಿಗುತ್ತದೆ. ಮುಖ್ಯವಾಗಿ, ಎಲ್ಲರಿಗೂ ಇದು ಬೇಕಿಲ್ಲ. ನಮ್ಮ ಅಮ್ಮನ ಎಸ್‌ವಿಟಿಗೆ ಮಾಮೂಲಿ ಇಸಿಜಿ, ಎಕೋ ಎರಡೇ ಸಾಕಾದವು. ತೊಡಕಿನ ಬಡಿತಗಳಲ್ಲಿ, ಅದರಲ್ಲೂ ಕೆಳಕೋಣೆಯಿಂದ ಹುಟ್ಟುವವುಗಳಲ್ಲಿ, ಇದರ ಬೆಲೆ ಜಾಸ್ತಿ.

ನಾಲ್ಕನೇ ಹೆಜ್ಜೆ: ಕೊಯ್ಯದ ಚಿಕಿತ್ಸೆಯಲ್ಲಿ ಹಗುರದಿಂದ ಶುರು ಮಾಡಿ

ಎಸ್‌ವಿಟಿ ಎಂದರೆ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ, ಒಂದೇ ಸಮದ ವೇಗದ ಬಡಿತ. ಇದನ್ನು ಉಸಿರಿನಿಂದಲೇ ನಿಲ್ಲಿಸುವ ಒಂದು ಉಪಾಯ ಇದೆ. ವೈದ್ಯರು ನಿಮಗಿರುವುದು ಎಸ್‌ವಿಟಿಯೇ ಎಂದು ಹೇಳಿ, ಒಮ್ಮೆ ಎದುರಲ್ಲೇ ಮಾಡಿಸಿದ ಮೇಲೆ ಮಾತ್ರ ಮನೆಯಲ್ಲಿ ಮಾಡಿ. ಹಾಸಿಗೆ ಮೇಲೆ ಅರ್ಧ ಒರಗಿ ಕೂರಿ. 10 ಎಂಎಲ್ ಸಿರಿಂಜ್‌ನ ತುದಿ ಬಾಯಲ್ಲಿಟ್ಟು, ಒಳಗಿನ ಪಿಸ್ಟನ್ ಅಲುಗುವಷ್ಟು ಜೋರಾಗಿ 15 ಸೆಕೆಂಡ್ ಊದಿ. ಕೂಡಲೇ ಚಪ್ಪಟೆ ಮಲಗಿ. ಇನ್ನೊಬ್ಬರು ನಿಮ್ಮ ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡ್ ಹಿಡಿಯಲಿ. ಮತ್ತೆ ಒರಗಿ ಕೂರಿ. 2015ರಲ್ಲಿ ಇಂಗ್ಲೆಂಡಿನಲ್ಲಿ 428 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ ಬಂತು. ಕೂತು ಊದಿದವರಲ್ಲಿ 17 ಶೇಕಡಾ ಜನರ ಬಡಿತ ಸರಿಹೋದರೆ, ಹೀಗೆ ಕಾಲೆತ್ತಿದವರಲ್ಲಿ 43 ಶೇಕಡಾ. ಕಾಲು ಎತ್ತುವುದಕ್ಕೆ ಕಾಸಿನ ಖರ್ಚಿಲ್ಲ! ಇತ್ತೀಚೆಗೆ ಹೃದಯಾಘಾತ ಆದವರು, ಕಣ್ಣಿನ ರೆಟಿನಾ ಅಥವಾ ಗ್ಲಾಕೋಮಾ ತೊಂದರೆ ಇದ್ದವರು ಮಾಡಬಾರದು. ಕುತ್ತಿಗೆಯ ರಕ್ತನಾಳವನ್ನು ಮನೆಯಲ್ಲಿ ಯಾರೂ ಒತ್ತಬಾರದು, ವಯಸ್ಸಾದವರಲ್ಲಿ ಅದರಿಂದ ಪಾರ್ಶ್ವವಾಯು ಆಗಬಹುದು.

ಮಾತ್ರೆಗಳ ಬಗ್ಗೆ ಒಂದೇ ಮಾತು. ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು "ಈಗ ಸರಿ ಇದೀನಿ" ಎಂದು ಒಮ್ಮೆಲೇ ನಿಲ್ಲಿಸಬೇಡಿ. ಬಡಿತ ಎರಡರಷ್ಟು ಜೋರಾಗಿ ತಿರುಗಿ ಬರಬಹುದು.

ಎಎಫ್ ಇದ್ದರೆ ಬಡಿತಕ್ಕಿಂತ ರಕ್ತ ಹೆಪ್ಪುಗಟ್ಟುವುದರ ಭಯವೇ ದೊಡ್ಡದು. ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆ. ಇಲ್ಲಿ ನಮ್ಮ ದೇಶಕ್ಕೆ ಸೇರಿದ ಒಂದು ವಿಷಯ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ನಮ್ಮಲ್ಲಿ ಇನ್ನೂ ಬಹಳ ಜನ. ಹೊಸ ಮಾತ್ರೆಗಳಲ್ಲಿ ಪದೇ ಪದೇ ರಕ್ತ ಪರೀಕ್ಷೆ ಬೇಕಿಲ್ಲ. ಹಾಗೆಂದು ಈ ಜನ ಅದಕ್ಕೆ ಬದಲಾಯಿಸಬಾರದು. ರುಮ್ಯಾಟಿಕ್ ಕವಾಟದ ಎಎಫ್‌ಗೆ ವಾರ್ಫರಿನ್ ಜಾತಿಯ ಹಳೆಯ ಮಾತ್ರೆಯೇ ಮೇಲು ಎಂದು 2022ರ ಒಂದು ದೊಡ್ಡ ಅಧ್ಯಯನ ತೋರಿಸಿತು. ವಾರ್ಫರಿನ್ ತಿನ್ನುವವರಲ್ಲಿ ಐಎನ್‌ಆರ್ (ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಪರೀಕ್ಷೆಯ ಅಂಕಿ) ಸಾಮಾನ್ಯವಾಗಿ 2ರಿಂದ 3ರ ಒಳಗಿರಬೇಕು. ಸೊಪ್ಪು ಈ ಮಾತ್ರೆಯ ಕೆಲಸವನ್ನು ಕುಗ್ಗಿಸುವುದರಿಂದ, ಸೊಪ್ಪು ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಬಿಡಬೇಕಿಲ್ಲ. ಒಂದು ವಾರ ದಿನಾ ಮಸ್ಸೊಪ್ಪು, ಬಸ್ಸಾರು, ಮುಂದಿನ ವಾರ ಎಲೆಯೂ ಇಲ್ಲ ಎನ್ನುವ ಏರುಪೇರು ಬೇಡ. ಪ್ರತಿ ವಾರ ಹೆಚ್ಚು ಕಡಿಮೆ ಅಷ್ಟೇ ತಿನ್ನಿ.

ಚರ್ಮದ ಮೇಲೆ ಪ್ಯಾಡ್ ಇಟ್ಟು ಕೊಡುವ ಶಾಕ್ ಇನ್ನೊಂದು ದಾರಿ. ನಿದ್ದೆ ಬರಿಸಿ ಕೊಡುತ್ತಾರೆ. ಎಎಫ್ ಶುರುವಾಗಿ 48 ಗಂಟೆ ದಾಟಿದ್ದರೆ ಶಾಕ್‌ಗೆ ಮೊದಲು 3 ವಾರ, ಆಮೇಲೆ ಕನಿಷ್ಠ 4 ವಾರ ರಕ್ತ ತೆಳುವಾಗಿಸುವ ಮಾತ್ರೆ ತಪ್ಪದೆ ನುಂಗಬೇಕು. ಒಂದು ದಿನ ತಪ್ಪಿದರೂ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಕೊಯ್ಯದ ಚಿಕಿತ್ಸೆಯೇ ಯಾವಾಗಲೂ ಮೇಲು ಅಂತಲ್ಲ. ಪದೇ ಪದೇ ಬರುವ ಎಸ್‌ವಿಟಿಗೆ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ತೊಂದರೆಯ ಜಾಗವನ್ನು ಸುಡುವ ಕ್ಯಾಥೆಟರ್ ಅಬ್ಲೇಶನ್ ಬಹುಪಾಲು ಜನರಿಗೆ ಕಾಯಿಲೆಯನ್ನೇ ಮುಗಿಸುತ್ತದೆ. ಅದಕ್ಕೆ ಹೆದರಿ ಹತ್ತು ವರ್ಷ ಮಾತ್ರೆ ನುಂಗುವವರನ್ನು ನೋಡಿದರೆ ಬೇಜಾರಾಗುತ್ತದೆ. ಬಡಿತದ ಕಾಯಿಲೆಗೆಂದೇ ಇರುವ ವೈದ್ಯರನ್ನು ಎಲೆಕ್ಟ್ರೋಫಿಸಿಯಾಲಜಿಸ್ಟ್ ಎನ್ನುತ್ತಾರೆ. ಈ ಪದ ಬರೆದಿಟ್ಟುಕೊಂಡು ಅವರನ್ನೇ ಕೇಳಿ ಹೋಗಿ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಜಯದೇವ ಸಂಸ್ಥೆ ಇದೆ. ಹೋಗುವಾಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ.

ಐದನೇ ಹೆಜ್ಜೆ: ಎಲ್ಲ ದಾರಿ ಮುಚ್ಚಿದವರಿಗೆ ಕಿರಣ

ಹೃದಯಾಘಾತ ಆದವರ ಹೃದಯದಲ್ಲಿ ಗಾಯದ ಕಲೆ ಉಳಿಯುತ್ತದೆ. ಕರೆಂಟ್ ಆ ಕಲೆಯ ಸುತ್ತ ಗಿರಗಿರ ತಿರುಗಿದರೆ ವಿಟಿ ಎಂಬ ಅಪಾಯದ ಬಡಿತ. ಇಂಥವರಿಗೆ ಎದೆಯಲ್ಲಿ ಐಸಿಡಿ ಯಂತ್ರ ಇಟ್ಟಿರುತ್ತಾರೆ. ಅದು ಶಾಕ್ ಕೊಟ್ಟು ಜೀವ ಉಳಿಸುತ್ತದೆ. ಆದರೆ ಎಚ್ಚರ ಇರುವಾಗಲೇ ಬೀಳುವ ಶಾಕ್ ಎದೆಗೆ ಒದ್ದ ಹಾಗೆ. ಮುಂದಿನದ್ದು ಯಾವಾಗ ಬೀಳುತ್ತದೋ ಎಂಬ ಭಯದಲ್ಲಿ ನಿದ್ದೆಯೇ ಬರುವುದಿಲ್ಲ. ಶಾಕ್ ಬಿದ್ದರೆ ಮಾಡಬೇಕಾದದ್ದು ಇಷ್ಟು. ಒಂದೇ ಶಾಕ್ ಬಿದ್ದು ಆಮೇಲೆ ಆರಾಮಾಗಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ದಿನದಲ್ಲಿ ಎರಡು ಬಿದ್ದರೆ, ಅಥವಾ ಒಂದೇ ಬಿದ್ದರೂ ಸುಸ್ತು, ಎದೆ ನೋವು ಇದ್ದರೆ ಕೂಡಲೇ ಆಸ್ಪತ್ರೆಗೆ.

ಮಾತ್ರೆ ಸೋತು, ಕ್ಯಾಥೆಟರ್ ಅಬ್ಲೇಶನ್ ಕೂಡ ಸೋತವರಿಗೆ ಏನು ಮಾಡುವುದು? ಅದೇ ಸೇಂಟ್ ಲೂಯಿಸ್‌ನಲ್ಲಿ ಹೃದಯ ತಜ್ಞ ಫಿಲಿಪ್ ಕಕುಲಿಚ್ ಮತ್ತು ಕ್ಯಾನ್ಸರ್ ಕಿರಣ ಚಿಕಿತ್ಸೆಯ ತಜ್ಞ ಕ್ಲಿಫರ್ಡ್ ರಾಬಿನ್ಸನ್ ಒಂದಾದರು. ಇಸಿಜಿ ಇಮೇಜಿಂಗ್ ಅಂಗಿಯಿಂದ ವಿಟಿ ಹುಟ್ಟುವ ಜಾಗ ಗುರುತಿಸಿದರು. ಕ್ಯಾನ್ಸರ್ ಗೆಡ್ಡೆಗೆ ಬಿಡುವ ಕಿರಣವನ್ನು ಹೊರಗಿನಿಂದ ಆ ಜಾಗಕ್ಕೆ ಬಿಟ್ಟರು. ಒಂದೇ ಸಲ, 25 ಗ್ರೇ (ಕಿರಣದ ಪ್ರಮಾಣದ ಅಳತೆ). ಅರಿವಳಿಕೆ ಇಲ್ಲ, ತಂತಿ ಇಲ್ಲ. ಕಿರಣ ಬಿಟ್ಟ ಹೊತ್ತು ಸರಾಸರಿ 14 ನಿಮಿಷ.

2017ರ ಕೊನೆಯಲ್ಲಿ 5 ರೋಗಿಗಳ ಫಲಿತಾಂಶ ಪ್ರಕಟವಾಯಿತು. ಚಿಕಿತ್ಸೆಗೆ ಹಿಂದಿನ 3 ತಿಂಗಳಲ್ಲಿ ಅವರೆಲ್ಲರಿಗೂ ಸೇರಿ 6,577 ಸಲ ವಿಟಿ ಬಂದಿತ್ತು. ಚಿಕಿತ್ಸೆಯ ನಂತರದ ಮೊದಲ 6 ವಾರದಲ್ಲಿ 680. ಅಲ್ಲಿಂದ ಮುಂದೆ, ಎಲ್ಲರ ತಿಂಗಳುಗಳನ್ನು ಕೂಡಿಸಿದ 46 ತಿಂಗಳಲ್ಲಿ, ಬರೀ 4. ಇದನ್ನು ಮೊದಲು ಓದಿದಾಗ ನಾನು ಅಂಕಿಯನ್ನು ಮತ್ತೆ ಮತ್ತೆ ನೋಡಿದೆ. ಆದರೆ ಅದೇ ಐವರಲ್ಲಿ ವಯಸ್ಸಾದ ಒಬ್ಬರು 3 ವಾರಕ್ಕೆ ಪಾರ್ಶ್ವವಾಯುವಿನಿಂದ ತೀರಿಕೊಂಡರು ಎಂಬುದನ್ನೂ ಹೇಳಬೇಕು. 2019ರಲ್ಲಿ 19 ಜನರ ಅಧ್ಯಯನ ಬಂತು. ಅಲ್ಲೂ ಹೆಚ್ಚಿನವರಲ್ಲಿ ತೊಂದರೆ ಇಳಿಯಿತು.

ಕಿರಣ ಹೇಗೆ ಕೆಲಸ ಮಾಡುತ್ತದೆ? ಹೊಸ ಕಲೆ ಮಾಡಿ ದಾರಿ ಮುಚ್ಚುತ್ತದೆ ಎಂದೇ ಮೊದಲು ಎಲ್ಲರೂ ಅಂದುಕೊಂಡಿದ್ದರು. ಆದರೆ ಕಲೆ ಕೂಡಿಕೊಳ್ಳಲು ತಿಂಗಳುಗಳು ಬೇಕು, ರೋಗಿಗಳು ವಾರಗಳಲ್ಲೇ ಸುಧಾರಿಸುತ್ತಿದ್ದರು. ಅದೇ ವಿಶ್ವವಿದ್ಯಾಲಯದವರು 2021ರಲ್ಲಿ ಬೇರೊಂದು ವಿವರಣೆ ಕೊಟ್ಟರು. ಕಿರಣ ಬಿದ್ದ ಸ್ನಾಯುವಿನಲ್ಲಿ ಕರೆಂಟ್ ಹರಿಯುವ ವೇಗ ಹೆಚ್ಚುತ್ತದೆ. ನಿಧಾನ ಹರಿವು ಇದ್ದುದರಿಂದಲೇ ಸುತ್ತುತ್ತಿದ್ದ ಕರೆಂಟ್‌ಗೆ ಸುತ್ತಲು ಆಸ್ಪದ ಸಿಗುವುದಿಲ್ಲ.

ಇದು ಇನ್ನೂ ಪರೀಕ್ಷೆಯ ಹಂತದ ಚಿಕಿತ್ಸೆ. ಶ್ವಾಸಕೋಶದ ಉರಿಯೂತ, ಹೃದಯದ ಪೊರೆಯ ಉರಿಯೂತ, ಸುಸ್ತು ಬರಬಹುದು. ಕೆಲವರಲ್ಲಿ ವಿಟಿ ತಿರುಗಿ ಬಂದದ್ದೂ ಇದೆ. ಯಾರಾದರೂ ನಿಮ್ಮ ಮನೆಯವರಿಗೆ ಇದನ್ನು ಸೂಚಿಸಿದರೆ ಕೆಲವು ಪ್ರಶ್ನೆ ಬರೆದುಕೊಂಡು ಹೋಗಿ. ಕ್ಯಾಥೆಟರ್ ಅಬ್ಲೇಶನ್ ಯಾಕೆ ಆಗುವುದಿಲ್ಲ? ವಿಟಿ ಹುಟ್ಟುವ ಜಾಗವನ್ನು ಯಾವ ಚಿತ್ರದಿಂದ ಗುರುತಿಸಿದ್ದೀರಿ? ಹೊಟ್ಟೆ ಮತ್ತು ಅನ್ನನಾಳ ಆ ಜಾಗದಿಂದ ಎಷ್ಟು ದೂರ ಇವೆ? ಐಸಿಡಿಯನ್ನು ಮೊದಲು, ನಂತರ ಯಾರು ಪರೀಕ್ಷಿಸುತ್ತಾರೆ? ಈವರೆಗೆ ನೀವು ಎಷ್ಟು ಜನರಿಗೆ ಮಾಡಿದ್ದೀರಿ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಚಿಕಿತ್ಸೆ ಆದ ಮೇಲೆ ಮೊದಲ 6 ವಾರ ಬಡಿತ ಏರುಪೇರಾದರೆ "ಇದು ಫೇಲ್ ಆಯಿತು" ಎಂದು ಎದೆಗುಂದಬೇಡಿ, ಆದರೆ ಪ್ರತಿಯೊಂದನ್ನೂ ಬರೆದಿಟ್ಟು ವೈದ್ಯರಿಗೆ ತಿಳಿಸಿ. ಕೆಮ್ಮು, ಜ್ವರ, ಉಸಿರಾಟದ ತೊಂದರೆ ತಿಂಗಳುಗಳ ನಂತರ ಬಂದರೂ ಕಿರಣ ಚಿಕಿತ್ಸೆ ಆಗಿತ್ತು ಎಂಬುದನ್ನು ಮೊದಲ ಮಾತಾಗಿ ಹೇಳಿ. ಹಳೆಯ ಇಸಿಜಿಗಳ ಫೋಟೋ, ಎಕೋ ವರದಿ, ಮಾತ್ರೆಗಳ ಪಟ್ಟಿ, ಐಸಿಡಿ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿರಲಿ. ನಮ್ಮ ಅಮ್ಮನ ಫೈಲಿನಲ್ಲಿ ಮೊದಲ ಹಾಳೆ ಆ ನರ್ಸಿಂಗ್ ಹೋಮ್‌ನ ಇಸಿಜಿಯ ಜೆರಾಕ್ಸ್. ಈಗಲೂ ಹೊಸ ವೈದ್ಯರು ಯಾರೇ ನೋಡಿದರೂ ಮೊದಲು ಕೇಳುವುದು ಅದನ್ನೇ.